ಊರಿನ ಲೆಕ್ಕ ಓದುವವರು

ಆಸ್ತಿ ತೆರಿಗೆ ಕಂಡರೆ ಜನಕ್ಕೆ ಬರುವಷ್ಟು ಸಿಟ್ಟು ಬೇರೆ ಯಾವ ತೆರಿಗೆ ಕಂಡರೂ ಬರುವುದಿಲ್ಲ. ಸಂಬಳದ ಮೇಲಿನ ತೆರಿಗೆ ಕೈಗೆ ದುಡ್ಡು ಬರುವ ಮೊದಲೇ ಕಡಿತವಾಗಿರುತ್ತದೆ. ಸಾಮಾನಿನ ಮೇಲಿನ ತೆರಿಗೆ ಬೆಲೆಯೊಳಗೇ ಸೇರಿಕೊಂಡಿರುತ್ತದೆ, ಕಟ್ಟಿದ್ದೇ ಗೊತ್ತಾಗುವುದಿಲ್ಲ. ಆಸ್ತಿ ತೆರಿಗೆ ಮಾತ್ರ ನಮ್ಮ ಹೆಸರು, ನಮ್ಮ ಮನೆ ನಂಬರು ಬರೆದ ಚೀಟಿಯಾಗಿ ಬರುತ್ತದೆ. ಆ ವರ್ಷ ಆದಾಯ ಬಂದಿರಲಿ, ಬಿಡಲಿ, ಕಟ್ಟಲೇಬೇಕು. ಕೆಲಸ ಹೋದವರಿಗೂ, ಪಿಂಚಣಿಯಲ್ಲೇ ದಿನ ದೂಡುವವರಿಗೂ ಅದೇ ಚೀಟಿ. ಮನೆಯ ಬೆಲೆ ಏರಿತು ಅಂತ ತೆರಿಗೆ ಏರಿಸುತ್ತಾರೆ. ಆದರೆ ಆ ಏರಿದ ಬೆಲೆ ಮನೆ ಮಾರಿದರೆ ತಾನೇ ಕೈಗೆ ಬರುವುದು? ವಾಸ ಇರುವವರಿಗೆ ಅದು ಬರೀ ಕಾಗದದ ಮೇಲಿನ ಸಂಖ್ಯೆ.

ಹೀಗಾಗಿ ಜಗತ್ತಿನ ಎಷ್ಟೋ ಊರುಗಳಲ್ಲಿ ತೆರಿಗೆದಾರರ ಸಂಘಗಳು ಹುಟ್ಟಿಕೊಂಡಿವೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಸಣ್ಣ ವ್ಯಾಪಾರಿಗಳು, ಮಕ್ಕಳನ್ನು ಮಲಗಿಸಿ ಸಭೆಗೆ ಬರುವ ತಾಯಂದಿರು. ಯಾರೂ ಅವರನ್ನು ಕರೆದಿರುವುದಿಲ್ಲ, ಯಾರೂ ಸಂಬಳ ಕೊಡುವುದಿಲ್ಲ. ನನಗೆ ಇವರ ಬಗ್ಗೆ ತುಂಬಾ ಗೌರವವಿದೆ. ಒಂದು ತಕರಾರೂ ಇದೆ. ಬಹಳಷ್ಟು ಸಂಘಗಳು ‘ತೆರಿಗೆ ಇಳಿಸಿ’ ಎನ್ನುವಲ್ಲಿಗೇ ನಿಂತುಬಿಡುತ್ತವೆ. ‘ಲೆಕ್ಕ ತೋರಿಸಿ’ ಎನ್ನುವ ತನಕ ಹೋಗುವುದಿಲ್ಲ. ಮೊದಲನೆಯದಕ್ಕೆ ಒಂದು ದಿನದ ಮೆರವಣಿಗೆ ಸಾಕು. ಎರಡನೆಯದಕ್ಕೆ ವರ್ಷಗಟ್ಟಲೆ ಕುಳಿತು ಓದಬೇಕು. ಆದರೆ ಊರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಈ ಎರಡನೆಯ ಕೆಲಸವೇ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳಲು ಒಂದು ಊರಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಡಿಕ್ಸನ್ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 16,000. ಅಲ್ಲಿನ ಹಣಕಾಸು ನೋಡಿಕೊಳ್ಳುತ್ತಿದ್ದವರು ರೀಟಾ ಕ್ರಂಡ್‌ವೆಲ್. ಚಿಕ್ಕ ವಯಸ್ಸಿನಲ್ಲೇ ಪುರಸಭೆಯ ಕೆಲಸಕ್ಕೆ ಸೇರಿದವರು, 1983ರಿಂದ ಲೆಕ್ಕಪತ್ರದ ಪೂರ್ತಿ ಜವಾಬ್ದಾರಿ ಅವರದ್ದೇ. 1990ರ ಡಿಸೆಂಬರಿನಲ್ಲಿ ಅವರು ಊರಿನ ಹೆಸರಿನಲ್ಲಿ ಇನ್ನೊಂದು ಬ್ಯಾಂಕ್ ಖಾತೆ ತೆರೆದರು. ಹೆಸರು ನೋಡಿದರೆ ಒಳಚರಂಡಿ ಕಾಮಗಾರಿಗೆ ಮೀಸಲಿಟ್ಟ ಖಾತೆ ಅನ್ನಿಸುವಂತಿತ್ತು. ಅದರಿಂದ ಹಣ ತೆಗೆಯುತ್ತಿದ್ದವರು ಅವರೊಬ್ಬರೇ. ಊರಿನ ಬೇರೆ ಬೇರೆ ಖಾತೆಗಳಿಂದ ದುಡ್ಡು ಒಂದು ಕಡೆ ಸೇರುತ್ತಿತ್ತು. ಅಲ್ಲಿಂದ ಈ ಖಾತೆಗೆ ಬರುತ್ತಿತ್ತು. ಇಲ್ಲಿಂದ ಅವರ ಕುದುರೆಗಳಿಗೆ, ಒಡವೆಗಳಿಗೆ, ಮನೆಗಳಿಗೆ ಹೋಗುತ್ತಿತ್ತು. ಆಡಿಟ್‌ನವರಿಗೆ ತೋರಿಸಲು ರಾಜ್ಯ ಸರ್ಕಾರದ ಹೆಸರಿನ ನಕಲಿ ಬಿಲ್ಲುಗಳಿದ್ದವು.

ಇದು ಎರಡು ದಶಕ ನಡೆಯಿತು. ಒಟ್ಟು 5.37 ಕೋಟಿ ಡಾಲರ್. ಊರಿನ ಮಕ್ಕಳು ಮುದುಕರೆಲ್ಲ ಸೇರಿ ಲೆಕ್ಕ ಹಾಕಿದರೂ ತಲೆಗೆ 3,000 ಡಾಲರ್ ಮೀರುತ್ತದೆ. 2008ರ ಒಂದೇ ವರ್ಷದಲ್ಲಿ 58 ಲಕ್ಷ ಡಾಲರ್ ಹೋಯಿತು. ಅವರ ಸಂಬಳ ವರ್ಷಕ್ಕೆ 80,000 ಡಾಲರ್ ಆಸುಪಾಸು. ಸಾಕಿದ್ದ ಕುದುರೆಗಳು ನೂರಾರು.

ಆ ವರ್ಷಗಳಲ್ಲಿ ಊರಿನ ಜನ ಏನು ನೋಡುತ್ತಿದ್ದರು? ರಸ್ತೆ ರಿಪೇರಿ ಮುಂದಕ್ಕೆ ಹೋಗುತ್ತಿತ್ತು. ಹೊಸ ಸಲಕರಣೆಗೆ ದುಡ್ಡಿಲ್ಲ ಅನ್ನುತ್ತಿದ್ದರು. ಕೆಲಸಗಾರರನ್ನು ಕಡಿಮೆ ಮಾಡಿದರು. ಯಾಕೆ ಹೀಗೆ ಅಂದರೆ, ‘ರಾಜ್ಯದಿಂದ ನಮಗೆ ಬರಬೇಕಾದ ಪಾಲು ತಡವಾಗುತ್ತಿದೆ’ ಎಂಬ ಉತ್ತರ. ರಾಜ್ಯದ ಹಣ ತಡವಾಗಿ ಬರುವುದು ಎಲ್ಲ ಊರುಗಳೂ ಅನುಭವಿಸಿದ ಸಂಗತಿಯೇ. ಹಾಗಾಗಿ ಉತ್ತರ ನಂಬುವಂತಿತ್ತು. ‘ಎಷ್ಟು ಬರಬೇಕಿತ್ತು, ಎಷ್ಟು ಬಂದಿದೆ, ಯಾವ ತಾರೀಕಿಗೆ?’ ಅಂತ ರಾಜ್ಯದ ಕಚೇರಿಯನ್ನೇ ಕೇಳಿ, ಆ ಉತ್ತರವನ್ನು ಊರಿನ ಪುಸ್ತಕದ ಪಕ್ಕ ಇಟ್ಟು ನೋಡುವ ಕೆಲಸ ಮಾತ್ರ ನಡೆಯಲಿಲ್ಲ.

ಇಷ್ಟು ವರ್ಷವೂ ಆಡಿಟ್ ನಡೆಯುತ್ತಲೇ ಇತ್ತು ಎನ್ನುವುದನ್ನು ಗಮನಿಸಿ. ಪ್ರತಿ ವರ್ಷ ವರದಿ ಬರುತ್ತಿತ್ತು. ಕೌನ್ಸಿಲ್ ಅದನ್ನು ಒಪ್ಪಿಕೊಳ್ಳುತ್ತಿತ್ತು. ಚುನಾವಣೆ ನಡೆಯುತ್ತಿತ್ತು, ಸಭೆ ಸೇರುತ್ತಿತ್ತು. ಕಾಗದದ ಮೇಲೆ ಇರಬೇಕಾದ ಎಲ್ಲ ಕಾವಲೂ ಇತ್ತು.

ಕೊನೆಗೆ ಸಿಕ್ಕಿದ್ದು ಹೇಗೆ ಅಂದರೆ, 2011ರಲ್ಲಿ ಕ್ರಂಡ್‌ವೆಲ್ ಕುದುರೆ ಪ್ರದರ್ಶನಗಳಿಗೆ ಅಂತ ದೀರ್ಘ ರಜೆ ಹಾಕಿದರು. ಅವರ ಬದಲಿಗೆ ಕೆಲಸ ನೋಡುತ್ತಿದ್ದ ಪುರಸಭೆಯ ಗುಮಾಸ್ತೆ ತಿಂಗಳ ಲೆಕ್ಕ ಮುಗಿಸಬೇಕಿತ್ತು. ಬ್ಯಾಂಕಿಗೆ ಫೋನ್ ಮಾಡಿ ಊರಿನ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಕಳಿಸಿ ಅಂದರು. ಬಂದ ಹಾಳೆಗಳಲ್ಲಿ ಒಂದು ಖಾತೆ ಅವರು ಯಾವತ್ತೂ ಕೇಳದ್ದು. ಅದರೊಳಗೆ ದೊಡ್ಡ ದೊಡ್ಡ ಜಮಾ, ಊರಿಗೆ ಸಂಬಂಧವೇ ಇಲ್ಲದ ಖರ್ಚು. ಅವರು ಮೇಯರ್‌ಗೆ ತೋರಿಸಿದರು, ಮೇಯರ್ ಎಫ್‌ಬಿಐಗೆ ತಿಳಿಸಿದರು. 2012ರ ಏಪ್ರಿಲ್‌ನಲ್ಲಿ ಬಂಧನ. 2013ರಲ್ಲಿ 19 ವರ್ಷ 7 ತಿಂಗಳ ಶಿಕ್ಷೆ.

ಆ ಗುಮಾಸ್ತೆ ಲೆಕ್ಕ ಪರಿಶೋಧನೆ ಕಲಿತ ತಜ್ಞೆಯಾಗಿ ಈ ಕಳ್ಳತನ ಹಿಡಿದದ್ದಲ್ಲ. ‘ಎಲ್ಲ ಖಾತೆಗಳದ್ದೂ’ ಅಂತ ಕೇಳಿದರು, ಬಂದದ್ದನ್ನು ಸಾಲು ಬಿಡದೆ ಓದಿದರು. ಇದು ನನ್ನನ್ನು ಬಹಳ ಕಾಡಿದೆ. ಊರಿನ ಯಾರೇ ಆಗಲಿ, ಹತ್ತು ವರ್ಷ ಮೊದಲೇ, ‘ಪುರಸಭೆಯ ಹೆಸರಿನಲ್ಲಿ ಯಾವ ಯಾವ ಬ್ಯಾಂಕಿನಲ್ಲಿ ಎಷ್ಟು ಖಾತೆ ಇವೆ, ಪಟ್ಟಿ ಕೊಡಿ, ಬ್ಯಾಂಕಿನ ಕಾಗದದ ಸಮೇತ’ ಅಂತ ಕೇಳಿ, ಉತ್ತರ ಬರುವ ತನಕ ಬಿಡದೆ ಕೂತಿದ್ದರೆ? ಕೇಳಬಹುದಾಗಿದ್ದ ಪ್ರಶ್ನೆಯೇ ಅದು. ಒಬ್ಬರ ಮೇಲಿನ ನಂಬಿಕೆ ಆ ಪ್ರಶ್ನೆಯನ್ನು ಕೇಳಲು ಬಿಡಲಿಲ್ಲ. ‘ರೀಟಾ ನೋಡಿಕೊಳ್ಳುತ್ತಾರೆ’ ಎನ್ನುವುದೇ ಆಗ ಊರಿನ ಹಣಕಾಸು ವ್ಯವಸ್ಥೆಯಾಗಿತ್ತು.

ಈಗ ತೆರಿಗೆ ಚೀಟಿಯ ಮಾತಿಗೆ ಬರೋಣ. ಜನ ಸಂಘಕ್ಕೆ ಬರುವುದೇ ಇದನ್ನು ಹಿಡಿದುಕೊಂಡು. ‘ನಮ್ಮ ಮನೆಯ ಬೆಲೆ ಜಾಸ್ತಿ ಬರೆದಿದ್ದಾರೆ, ಅದಕ್ಕೇ ತೆರಿಗೆ ಏರಿತು’ ಅನ್ನುತ್ತಾರೆ. ಇದು ಕೆಲವು ಕಡೆ ನಿಜ, ಕೆಲವು ಕಡೆ ಅರ್ಧ ನಿಜ. ಎಲ್ಲಿ ಯಾವುದು ಎನ್ನುವುದು ಗೊತ್ತಿಲ್ಲದಿದ್ದರೆ ಸಂಘದ ಶ್ರಮವೆಲ್ಲ ತಪ್ಪು ಬಾಗಿಲು ತಟ್ಟುವುದರಲ್ಲೇ ಹೋಗುತ್ತದೆ.

ಕೆಲವು ಕಡೆ ಊರು ಮೊದಲು ತನಗೆ ಒಟ್ಟು ಎಷ್ಟು ಬೇಕು ಅಂತ ತೀರ್ಮಾನಿಸುತ್ತದೆ. ಆಮೇಲೆ ಆ ಮೊತ್ತವನ್ನು ಎಲ್ಲ ಆಸ್ತಿಗಳ ಮೇಲೆ ಅವುಗಳ ಬೆಲೆಗೆ ತಕ್ಕಂತೆ ಹಂಚುತ್ತದೆ. ಒಂದು ಊರಿನಲ್ಲಿ ಒಂದೇ ಬೆಲೆಯ ಹತ್ತು ಮನೆ ಇವೆ, ಊರಿಗೆ 100 ಬೇಕು ಅಂತಿಟ್ಟುಕೊಳ್ಳಿ. ತಲಾ 10. ಹತ್ತೂ ಮನೆಯ ಬೆಲೆ ಎರಡು ಪಟ್ಟಾದರೂ ತೆರಿಗೆ ಅದೇ 10. ಯಾಕಂದರೆ ಊರಿಗೆ ಬೇಕಾದ್ದು ಇನ್ನೂ 100 ತಾನೇ. ಆದರೆ ನಿಮ್ಮೊಬ್ಬರ ಮನೆಯ ಬೆಲೆಯನ್ನು ಮಾತ್ರ ಎರಡು ಪಟ್ಟು ಬರೆದರೆ, ನಿಮ್ಮ ಪಾಲು ಸುಮಾರು 18ಕ್ಕೆ ಏರುತ್ತದೆ, ಉಳಿದ ಒಂಬತ್ತು ಜನರದ್ದು ತಲಾ ಸುಮಾರು 9ಕ್ಕೆ ಇಳಿಯುತ್ತದೆ. ಇಂಥ ಊರಿನಲ್ಲಿ ಬೆಲೆ ನಿಗದಿಯ ಜಗಳ ನೆರೆಯವರ ನಡುವಿನ ಪಾಲಿನ ಜಗಳ. ಒಟ್ಟು ಭಾರ ಏರುವುದು ಆ 100 ಎನ್ನುವುದು 110 ಆದಾಗ. ಅದು ತೀರ್ಮಾನವಾಗುವುದು ಬಜೆಟ್ ಸಭೆಯಲ್ಲಿ, ಚೀಟಿ ಅಚ್ಚಾಗುವುದಕ್ಕೆ ಎಷ್ಟೋ ತಿಂಗಳು ಮೊದಲು. ಚೀಟಿ ಬಂದ ಮೇಲೆ ಕೂಗಾಡಿದರೆ ಕಾಲ ಮಿಂಚಿರುತ್ತದೆ.

ಇನ್ನು ಕೆಲವು ಕಡೆ ದರ ಸ್ಥಿರ. ಬೆಲೆಯ ನೂರಕ್ಕೆ ಇಷ್ಟು ಅಂತ. ಅಲ್ಲಿ ಬೆಲೆ ಏರಿದರೆ ಯಾರೂ ಕೈ ಎತ್ತದೆ, ಯಾವ ಠರಾವೂ ಇಲ್ಲದೆ ಊರಿನ ಆದಾಯ ಏರುತ್ತದೆ. ‘ನಾವು ದರ ಏರಿಸಿಲ್ಲ’ ಅಂತ ಪುರಸಭೆಯ ಸದಸ್ಯರು ಎದೆ ತಟ್ಟಿಕೊಂಡು ಹೇಳಬಹುದು. ಆ ಮಾತು ಸುಳ್ಳೂ ಅಲ್ಲ. ಆದರೆ ಜನರ ಕೈಯಿಂದ ಹೋಗುವುದು ಜಾಸ್ತಿಯೇ.

ಇದಕ್ಕೆ ಅಮೆರಿಕದ ಯೂಟಾ ರಾಜ್ಯ 1985ರಲ್ಲಿ ಒಂದು ಕಾನೂನು ಮಾಡಿತು. ನನಗೆ ಬಹಳ ಹಿಡಿಸಿದ ಕಾನೂನು ಅದು. ಆಸ್ತಿಗಳ ಬೆಲೆ ಏರಿದರೆ ತೆರಿಗೆಯ ದರ ತಾನಾಗಿಯೇ ಇಳಿಯಬೇಕು, ಹೋದ ವರ್ಷದಷ್ಟೇ ಹಣ ಬರುವಷ್ಟಕ್ಕೆ. ಹೊಸ ಕಟ್ಟಡಗಳಿಂದ ಬರುವುದು ಬೇರೆ ಲೆಕ್ಕ. ಅದಕ್ಕಿಂತ ಜಾಸ್ತಿ ಬೇಕಾದರೆ ಬೇಡ ಅನ್ನುವುದಿಲ್ಲ. ಆದರೆ ‘ನಾವು ಇಷ್ಟು ಜಾಸ್ತಿ ಕೇಳುತ್ತಿದ್ದೇವೆ’ ಅಂತ ಪ್ರಕಟಣೆ ಕೊಡಬೇಕು, ಜನರನ್ನು ಕರೆದು ಸಭೆ ನಡೆಸಬೇಕು, ಆಮೇಲೆ ಎಲ್ಲರೆದುರು ಮತ ಹಾಕಬೇಕು. ಜಾಸ್ತಿ ತೆಗೆದುಕೊಳ್ಳುವವರು ಜಾಸ್ತಿ ತೆಗೆದುಕೊಳ್ಳುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಯಾವ ಊರಿನ ಸಂಘವಾದರೂ ಮೊದಲು ಬೇಡಿಕೆ ಇಡಬೇಕಾದದ್ದು ಇಂಥದ್ದೊಂದು ನಿಯಮಕ್ಕೆ.

ತೆರಿಗೆ ಇಳಿಸುವ ಹೋರಾಟಗಳಲ್ಲಿ ಅತಿ ಹೆಚ್ಚು ಹೆಸರಾದದ್ದು ಕ್ಯಾಲಿಫೋರ್ನಿಯಾದ್ದು. 1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಸರ್ರನೆ ಏರಿತು, ತೆರಿಗೆಯೂ ಅದರ ಬೆನ್ನು ಹತ್ತಿತು. ವಯಸ್ಸಾದವರು ಮನೆ ಕಳೆದುಕೊಳ್ಳುವ ಭಯದಲ್ಲಿದ್ದರು. ಹೋವರ್ಡ್ ಜಾರ್ವಿಸ್ ಎಂಬುವರು ಸಹಿ ಸಂಗ್ರಹಿಸಿ, 1978ರ ಜೂನ್‌ನಲ್ಲಿ ಪ್ರೊಪೊಸಿಷನ್ 13 ಎಂಬುದನ್ನು ಜನರ ಮತಕ್ಕೆ ತಂದರು. ನೂರಕ್ಕೆ ಸುಮಾರು 65 ಮಂದಿ ಒಪ್ಪಿದರು. ಮತದಾರರು ಒಪ್ಪಿದ ಸಾಲ ತೀರಿಸಲು ಹಾಕುವುದನ್ನು ಬಿಟ್ಟರೆ ತೆರಿಗೆ ಆಸ್ತಿಯ ಬೆಲೆಯ 1% ಮೀರುವಂತಿಲ್ಲ, ಲೆಕ್ಕಕ್ಕೆ ಹಿಡಿಯುವ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವಂತಿಲ್ಲ, ಮನೆ ಮಾರಾಟವಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ.

ಆ ಜನರ ಭಯ ನಿಜವಾದದ್ದು. ಅದನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಹಳಬರು ತಮ್ಮ ಮನೆಯಲ್ಲೇ ಉಳಿದರು, ಅದು ಸಣ್ಣ ಮಾತಲ್ಲ. ಆದರೆ ಒಂದೇ ಬೀದಿಯಲ್ಲಿ, ಒಂದೇ ಥರದ ಮನೆಗಳಲ್ಲಿ ಹೊಸದಾಗಿ ಬಂದವರು ಹಳಬರಿಗಿಂತ ಹಲವು ಪಟ್ಟು ತೆರಿಗೆ ಕಟ್ಟುವಂತಾಯಿತು. ಲಾಸ್ ಏಂಜಲೀಸ್‌ನ ಒಬ್ಬ ಮನೆಯೊಡತಿ ತಾನು ನೆರೆಯವರಿಗಿಂತ ಸುಮಾರು ಐದು ಪಟ್ಟು ಕಟ್ಟುತ್ತಿದ್ದೇನೆ ಅಂತ ಸುಪ್ರೀಂ ಕೋರ್ಟ್ ತನಕ ಹೋದರು. 1992ರಲ್ಲಿ ಕೋರ್ಟ್ ಕಾನೂನನ್ನೇ ಎತ್ತಿ ಹಿಡಿಯಿತು. ಊರುಗಳು ಕಳೆದುಕೊಂಡ ಹಣಕ್ಕೆ ರಾಜ್ಯದ ಕಡೆ ಕೈ ಚಾಚಬೇಕಾಯಿತು. ಹಣದ ಜೊತೆ ತೀರ್ಮಾನಗಳೂ ಊರಿನಿಂದ ದೂರ ಹೋದವು. ಊರಿನ ಸಭೆಗೆ ಹೋಗಿ ಶಾಲೆಯ ಬಜೆಟ್ ಕೇಳುತ್ತಿದ್ದವರು ರಾಜಧಾನಿಯ ಕಡೆ ನೋಡುವಂತಾಯಿತು. ದರಕ್ಕೆ ಬೀಗ ಬಿತ್ತು, ನಿಜ. ಖರ್ಚು ಸರಿಯಾಗಿದೆಯೋ ಇಲ್ಲವೋ ಎನ್ನುವ ಪ್ರಶ್ನೆ ಆ ಬೀಗದಿಂದ ಬಗೆಹರಿಯಲಿಲ್ಲ.

ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ ಬಂದ ಎರಡೂವರೆ ಶೇಕಡಾ ಮಿತಿ ಇದಕ್ಕಿಂತ ಮೇಲು ಅಂತ ನನಗನ್ನಿಸುತ್ತದೆ. ಊರೊಂದು ಒಟ್ಟು ಆಸ್ತಿ ತೆರಿಗೆಯನ್ನು ವರ್ಷಕ್ಕೆ 2.5%ರಷ್ಟು ಮಾತ್ರ ಏರಿಸಬಹುದು, ಹೊಸ ಕಟ್ಟಡಗಳ ತೆರಿಗೆ ಅದರ ಮೇಲೆ. ಅದಕ್ಕಿಂತ ಜಾಸ್ತಿ ಬೇಕಾದರೆ ಊರಿನ ಮತದಾರರನ್ನೇ ಕೇಳಬೇಕು. ಶಾಲೆ ಕಟ್ಟಬೇಕು, ಇಷ್ಟು ಬೇಕು, ಕೊಡುತ್ತೀರಾ ಇಲ್ಲವಾ? ಕೇಳುವವರು ಎದುರಿಗೆ ನಿಂತು ವಿವರಿಸಲೇಬೇಕು. ಇದರಲ್ಲೂ ತೊಂದರೆ ಇದೆ. ಉಳ್ಳವರ ಊರುಗಳು ‘ಹೂಂ’ ಅನ್ನುತ್ತವೆ, ಬಡ ಊರುಗಳಿಗೆ ಹಾಗೆ ಅನ್ನುವ ಶಕ್ತಿಯೇ ಇರುವುದಿಲ್ಲ. ಆದರೂ ಪ್ರಶ್ನೆ ಪ್ರತಿ ಸಲ ಊರಿನವರ ಮುಂದೆಯೇ ಬರುತ್ತದೆ, ಅದು ದೊಡ್ಡದು.

ಜನ ಮತ ಹಾಕಲು ಹೋಗದೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬೆಲ್ ಎಂಬ ಊರನ್ನು ನೋಡಬೇಕು. ಅದೂ ಕ್ಯಾಲಿಫೋರ್ನಿಯಾದ್ದೇ. ಸುಮಾರು 37,000 ಜನ, ಬಹುಪಾಲು ದುಡಿಯುವ ವಲಸಿಗರು. 2005ರಲ್ಲಿ ಅಲ್ಲೊಂದು ವಿಶೇಷ ಮತದಾನ ನಡೆಯಿತು. ಊರಿಗೆ ತನ್ನದೇ ಸನ್ನದು, ಅಂದರೆ ಆಡಳಿತದ ಸ್ವಂತ ನಿಯಮಾವಳಿ, ಬೇಕೇ ಎಂಬ ಪ್ರಶ್ನೆ. ಕೇಳಿದರೆ ಏನೂ ತಿಳಿಯದ, ಬೇಸರ ಹಿಡಿಸುವ ವಿಷಯ. ಮತ ಹಾಕಿದವರು 400 ಮಂದಿಯೂ ಇಲ್ಲ. ಅದು ಪಾಸಾಯಿತು. ಅದರಿಂದ ಕೌನ್ಸಿಲ್ ಸದಸ್ಯರ ಸಂಬಳಕ್ಕೆ ರಾಜ್ಯದ ಕಾನೂನು ಹಾಕಿದ್ದ ಮಿತಿ ಕಳಚಿಬಿತ್ತು. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬರೆಯುವ ಹೊತ್ತಿಗೆ ಊರಿನ ಮುಖ್ಯ ಆಡಳಿತಾಧಿಕಾರಿ ರಾಬರ್ಟ್ ರಿಜ್ಜೋ ಅವರ ಸಂಬಳ ವರ್ಷಕ್ಕೆ 8 ಲಕ್ಷ ಡಾಲರಿಗೆ ಹತ್ತಿರ ಬಂದಿತ್ತು. ಅರೆಕಾಲಿಕ ಸದಸ್ಯರಲ್ಲಿ ನಾಲ್ವರು ತಲಾ ಸುಮಾರು ಒಂದು ಲಕ್ಷ ಡಾಲರ್ ತೆಗೆದುಕೊಳ್ಳುತ್ತಿದ್ದರು. ಅಲ್ಲಿನ ಆಸ್ತಿ ತೆರಿಗೆ ದರವೋ, ಇಡೀ ಕೌಂಟಿಯಲ್ಲೇ, ಅಂದರೆ ಜಿಲ್ಲೆಯಲ್ಲೇ, ಹೆಚ್ಚಿನವುಗಳಲ್ಲಿ ಒಂದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತೇವಲ್ಲ, ಹಾಗೆ ನಡೆದಿತ್ತು.

ವಿಷಯ ಹೊರಬಿದ್ದ ಮೇಲೆ ಜನ ಸಭೆಗಳಿಗೆ ನುಗ್ಗಿದರು, ಸಂಘ ಕಟ್ಟಿದರು, 2011ರ ಮಾರ್ಚ್‌ನಲ್ಲಿ ಮತ ಹಾಕಿ ಹಳೆಯ ಸದಸ್ಯರನ್ನು ಇಳಿಸಿದರು. ರಿಜ್ಜೋಗೆ 12 ವರ್ಷ ಶಿಕ್ಷೆಯಾಯಿತು. ಆ ಜನರ ಬಗ್ಗೆ ಹೆಮ್ಮೆ ಅನ್ನಿಸುತ್ತದೆ. ಎರಡೆರಡು ಕೆಲಸ ಮಾಡಿ ಮನೆ ನಡೆಸುವವರು, ಇಂಗ್ಲಿಷ್ ಸರಿಯಾಗಿ ಬಾರದವರು ಎಷ್ಟೋ ಮಂದಿ ಅದರಲ್ಲಿದ್ದರು. ಅವರಿಗೆ ಬಜೆಟ್ ಸಭೆಗೆ ಹೋಗಲು ಪುರುಸೊತ್ತು ಎಲ್ಲಿತ್ತು? ಸಂಘ ಬೇಕಾಗುವುದೇ ಇದಕ್ಕೆ. ಎಲ್ಲರೂ ಹೋಗಲು ಆಗುವುದಿಲ್ಲ. ಇಬ್ಬರು ಹೋಗಿ, ಓದಿ, ಉಳಿದವರಿಗೆ ಅವರ ಮಾತಿನಲ್ಲೇ ಹೇಳಬೇಕು.

ಏನನ್ನು ಓದಬೇಕು? ಬಜೆಟ್ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಆರಂಭ ಶಿಲ್ಕು. ಹೋದ ವರ್ಷದ ಕೊನೆಯ ಶಿಲ್ಕು ಎಷ್ಟಿತ್ತೋ ಈ ವರ್ಷದ ಆರಂಭ ಶಿಲ್ಕು ಅಷ್ಟೇ ಇರಬೇಕು. ಹೊಂದದಿದ್ದರೆ ಯಾಕೆ ಅಂತ ಕೇಳುವ ಹಕ್ಕು ಯಾರಿಗಾದರೂ ಇದೆ, ಅದಕ್ಕೆ ಲೆಕ್ಕಶಾಸ್ತ್ರ ಓದಿರಬೇಕಿಲ್ಲ. ಆಮೇಲೆ ಅಂದಾಜು ಮತ್ತು ನಿಜವಾದ ಖರ್ಚು ಅಕ್ಕಪಕ್ಕ. ಬಜೆಟ್ ಎನ್ನುವುದು ಕೊಟ್ಟ ಮಾತು, ಖರ್ಚಿನ ಪಟ್ಟಿ ನಡೆದುಕೊಂಡ ರೀತಿ. ಪತ್ರಿಕೆಗಳಲ್ಲಿ ಬರುವುದು ಮಾತ್ರ ಯಾವಾಗಲೂ ಮೊದಲನೆಯದೇ.

ಬಿಲ್ಲುಗಳ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಇಷ್ಟು ಮೊತ್ತ ಮೀರಿದರೆ ಟೆಂಡರ್ ಕರೆಯಬೇಕು ಅಂತ ಹೆಚ್ಚಿನ ಕಡೆ ಒಂದು ಗೆರೆ ಇರುತ್ತದೆ. ಪಟ್ಟಿಯನ್ನು ಮೊತ್ತದ ಪ್ರಕಾರ ಜೋಡಿಸಿ ನೋಡಿ. ಆ ಗೆರೆಯ ಸ್ವಲ್ಪವೇ ಕೆಳಗೆ ಒಂದೇ ಗುತ್ತಿಗೆದಾರರ ಹೆಸರಿನಲ್ಲಿ, ಒಂದೇ ವಾರದಲ್ಲಿ, ಮೂರು ನಾಲ್ಕು ಬಿಲ್ಲುಗಳು ಕಂಡರೆ ದೊಡ್ಡ ಕೆಲಸವೊಂದನ್ನು ತುಂಡು ಮಾಡಿರುವ ಸಾಧ್ಯತೆ ಇದೆ. ಒಂದೇ ಚರಂಡಿಯನ್ನು ಈ ತಿರುವಿನಿಂದ ಆ ತಿರುವಿಗೆ ಒಂದು ಕೆಲಸ, ಆ ತಿರುವಿನಿಂದ ಮುಂದಕ್ಕೆ ಇನ್ನೊಂದು ಕೆಲಸ ಅಂತ ಬರೆದಿರುತ್ತಾರೆ. ಹಾಗೆಯೇ ಆರ್ಥಿಕ ವರ್ಷದ ಕೊನೆಯ ತಿಂಗಳು. ವರ್ಷವಿಡೀ ಸುಮ್ಮನಿದ್ದ ಲೆಕ್ಕದ ಬಾಬ್ತು ಕೊನೆಯ ಎರಡು ವಾರದಲ್ಲಿ ಖಾಲಿಯಾಗಿದ್ದರೆ, ಆ ಸಾಮಾನು ಎಲ್ಲಿದೆ ಅಂತ ಹೋಗಿ ಕಣ್ಣಾರೆ ನೋಡಬೇಕು. ಹಾಳೆಯಲ್ಲಿರುವ ಬೀದಿ ದೀಪವನ್ನು ಬೀದಿಯಲ್ಲಿ ಎಣಿಸಬೇಕು. ಇದು ಸಂಜೆ ನಡೆದಾಡುವವರು ಮಾಡಬಹುದಾದ ಕೆಲಸ.

ಇನ್ನೊಂದು ಮಾತಿದೆ, ಇದನ್ನು ಹೇಳಿದರೆ ಕೆಲವು ಸಂಘದವರಿಗೆ ಇಷ್ಟವಾಗುವುದಿಲ್ಲ. ಖರ್ಚಾಗದೆ ಉಳಿದ ಹಣವನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ಶಾಲೆಯ ಚಾವಣಿಗೆ ಅಂತ ಇಟ್ಟದ್ದು ಮೂರು ವರ್ಷದಿಂದ ಹಾಗೆಯೇ ಮುಂದಕ್ಕೆ ಹೋಗುತ್ತಿದ್ದರೆ, ‘ಊರು ಮಿತವ್ಯಯ ಮಾಡಿದೆ’ ಅಂತ ಚಪ್ಪಾಳೆ ತಟ್ಟುವುದು ತಪ್ಪು. ಚಾವಣಿ ಅಷ್ಟರಲ್ಲಿ ಇನ್ನಷ್ಟು ಸೋರಿರುತ್ತದೆ. ರಸ್ತೆಯೂ ಹಾಗೇ. ಬಿರುಕು ಸಣ್ಣದಿರುವಾಗ ಮುಚ್ಚಿದರೆ ಅಲ್ಪದರಲ್ಲಿ ಮುಗಿಯುತ್ತದೆ. ನೀರು ಒಳಗೆ ಇಳಿದು ತಳ ಕುಸಿದ ಮೇಲೆ ಅಗೆದು ಹೊಸದಾಗಿಯೇ ಹಾಕಬೇಕು. ನೆಲದೊಳಗಿನ ಪೈಪು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭವೂ ಇಲ್ಲ. ಹಾಗಾಗಿ ಕೈ ಬಿಗಿ ಮಾಡಬೇಕು ಅಂದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಆದದ್ದು ಇದೇ ಜಾತಿಯ ಉಳಿತಾಯ. ನಗರ ಸಾಲದಲ್ಲಿ ಮುಳುಗಿತ್ತು. ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಗೆ ಅಧಿಕಾರ ಹೋಗಿತ್ತು. ಹಣ ಉಳಿಸಲು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರು ಬಿಟ್ಟರು. ಪೈಪು ಸವೆಯದಂತೆ ಹಾಕಬೇಕಾದ ರಾಸಾಯನಿಕವನ್ನು ಹಾಕಲಿಲ್ಲ. ಹಳೆಯ ಪೈಪುಗಳ ಸೀಸ ನಲ್ಲಿಯ ನೀರಿಗೆ ಇಳಿಯಿತು. ಊರಿನ ಹೆಂಗಸರು ಕಂದು ಬಣ್ಣದ ನೀರನ್ನು ಬಾಟಲಿಯಲ್ಲಿ ಹಿಡಿದು ಸಭೆಗೆ ತಂದರು. ಅಧಿಕಾರಿಗಳು ನೀರು ಸರಿಯಾಗಿದೆ ಅಂದರು. ಆ ಜನ ಬಿಡಲಿಲ್ಲ. 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮನೆ ಮನೆಯಿಂದ ತಾವೇ ಮಾದರಿ ತೆಗೆದರು. ಊರಿನ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದ್ದನ್ನು ತೋರಿಸಿದರು. ಆಮೇಲೆ ಪೈಪು ಬದಲಾವಣೆ, ಪರಿಹಾರ. ಪರಿಹಾರದ ಒಪ್ಪಂದವೊಂದೇ 60 ಕೋಟಿ ಡಾಲರಿಗೂ ಜಾಸ್ತಿ. ಮಕ್ಕಳಿಗೆ ಆದದ್ದಕ್ಕೆ ಲೆಕ್ಕವೇ ಇಲ್ಲ.

ನೀರಿನ ಮಾದರಿ ತೆಗೆದ ಆ ಹೆಂಗಸರೂ ನನ್ನ ಪ್ರಕಾರ ತೆರಿಗೆದಾರರ ಸಂಘವೇ. ತಾವು ಕೊಟ್ಟ ದುಡ್ಡಿಗೆ ಏನು ಬಂತು ಅಂತ ಕೇಳಿದರು. ಹೆಚ್ಚಿನ ಕಡೆ ಸಂಘಗಳಲ್ಲಿ ಕಾಣುವುದು ಸ್ವಂತ ಮನೆ ಇದ್ದವರು ಮಾತ್ರ, ಅದರಲ್ಲೂ ವಯಸ್ಸಾದವರು. ಅವರ ಮಕ್ಕಳು ಓದಿ ಮುಗಿಸಿರುತ್ತಾರೆ, ಶಾಲೆಯ ಖರ್ಚು ಅವರಿಗೆ ಜಾಸ್ತಿ ಅನ್ನಿಸುತ್ತದೆ. ಬಾಡಿಗೆಗೆ ಇರುವವರನ್ನು ‘ನೀವು ತೆರಿಗೆ ಕಟ್ಟುವುದಿಲ್ಲವಲ್ಲ’ ಅಂತ ಬದಿಗೆ ಸರಿಸುತ್ತಾರೆ. ಬಾಡಿಗೆಯಲ್ಲಿ ಮಾಲೀಕರ ತೆರಿಗೆಯೂ ಸೇರಿರುತ್ತದೆ ಅಲ್ವಾ? ಚೀಟಿ ಅವರ ಹೆಸರಿಗೆ ಬರುವುದಿಲ್ಲ, ಅಷ್ಟೇ.

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ರಾಜಸ್ಥಾನದ ಹಳ್ಳಿಗರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬಲ್ಲಿ ಮೊದಲ ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿದರು. ಪಂಚಾಯಿತಿಯ ಲೆಕ್ಕವನ್ನು ಊರಿನವರ ಮುಂದೆ ಗಟ್ಟಿಯಾಗಿ ಓದುವುದು, ಇಷ್ಟೇ ಅದರ ವಿಧಾನ. ಮಸ್ಟರ್ ರೋಲಿನ, ಅಂದರೆ ಕೂಲಿಯವರ ಹಾಜರಿ ಪಟ್ಟಿಯ, ಹೆಸರು ಓದಿದಾಗ, ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದಿರುವುದು ಅವರ ಎದುರಿಗೇ ಬಯಲಾಗುತ್ತಿತ್ತು. ಓದು ಬರಹ ಬಾರದವರೂ ಆಡಿಟ್ ಮಾಡಿದರು, ಯಾಕಂದರೆ ಯಾರು ಕೂಲಿ ಮಾಡಿದರು, ಯಾವ ಕಟ್ಟಡ ನಿಂತಿದೆ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಎನ್ನುವುದು ಅವರ ಘೋಷಣೆ. ಬೆಂಕಿಪೊಟ್ಟಣ ಕೊಳ್ಳುವ ಬಡವರೂ ತೆರಿಗೆ ಕಟ್ಟುವವರೇ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಆ ಧರಣಿಯ ಬಲವಿದೆ.

ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ಪ್ರಕಾರ ವರ್ಷಕ್ಕೊಮ್ಮೆ 30 ಕೆಲಸದ ದಿನ ಸ್ಥಳೀಯ ಕೌನ್ಸಿಲ್‌ನ ಲೆಕ್ಕಪುಸ್ತಕ, ಕರಾರು, ಬಿಲ್ಲು, ವೋಚರ್, ರಸೀದಿಗಳನ್ನು ಹೋಗಿ ನೋಡಬಹುದು, ಪ್ರತಿ ತೆಗೆದುಕೊಳ್ಳಬಹುದು. ತಪ್ಪು ಕಂಡರೆ ಅಲ್ಲಿನ ಮತದಾರರು ಆಡಿಟರ್‌ಗೆ ನೇರವಾಗಿ ಆಕ್ಷೇಪಣೆ ಕೊಡಬಹುದು. ಒಳ್ಳೆಯ ಹಕ್ಕು. ಕಾನೂನು ಬಾಗಿಲು ತೆರೆಯುತ್ತದೆ, ಒಳಗೆ ಹೋಗಿ ಕೂರುವವರು ಬೇಕಲ್ಲ.

ಹಾಗೆ ಹೋಗಿ ಕೂರುವವರಿಗೆ ಒಂದು ಕಿವಿಮಾತು ಹೇಳಬೇಕು ಅನ್ನಿಸುತ್ತದೆ. ಲೆಕ್ಕ ಬರೆಯುವವರಲ್ಲಿ ಬಹುಪಾಲು ಜನ ಕಳ್ಳರಲ್ಲ. ಸಣ್ಣ ಊರಿನ ಕಚೇರಿಯಲ್ಲಿ ಮೂರು ಜನರ ಕೆಲಸವನ್ನು ಒಬ್ಬರೇ ಮಾಡುತ್ತಿರುತ್ತಾರೆ. ವಿಚಿತ್ರವಾಗಿ ಕಾಣುವ ಸಂಖ್ಯೆಗೆ ಹತ್ತರಲ್ಲಿ ಎಂಟು ಸಲ ಸರಿಯಾದ ಕಾರಣವೇ ಇರುತ್ತದೆ. ಹೋದ ವರ್ಷದ ಬಿಲ್ಲು ಈ ವರ್ಷ ಪಾವತಿಯಾಗಿರುತ್ತದೆ, ಅನುದಾನ ತಪ್ಪು ಬಾಬ್ತಿಗೆ ಜಮಾ ಆಗಿ ಆಮೇಲೆ ತಿದ್ದಿರುತ್ತಾರೆ. ಮೊದಲು ಹೋಗಿ ಕೇಳಬೇಕು. ಉತ್ತರ ಸರಿ ಅನ್ನಿಸದಿದ್ದರೆ ಬರಹದಲ್ಲಿ ಕೇಳಬೇಕು. ಅದಕ್ಕೂ ಉತ್ತರ ಬಾರದಿದ್ದರೆ ಆಗ ಸಭೆಯಲ್ಲಿ, ಎಲ್ಲರೆದುರು. ಈ ಕ್ರಮ ಬಿಟ್ಟು ಮೊದಲ ದಿನವೇ ‘ಹಗರಣ’ ಅಂತ ಕೂಗಿದರೆ ಒಬ್ಬ ಪ್ರಾಮಾಣಿಕ ಗುಮಾಸ್ತರ ಮಾನ ಹೋಗುತ್ತದೆ. ಸಂಘದ ಮಾತಿಗೂ ಬೆಲೆ ಉಳಿಯುವುದಿಲ್ಲ. ಡಿಕ್ಸನ್‌ನ ಕಳ್ಳತನ ಹಿಡಿದದ್ದೂ ಒಬ್ಬ ಗುಮಾಸ್ತೆಯೇ ತಾನೇ. ಅಂಥವರು ಸಂಘವನ್ನು ನಂಬಿ ಕಾಗದ ತೋರಿಸುವಂತಿರಬೇಕು, ಕಂಡರೆ ಓಡಿಹೋಗುವಂತಿರಬಾರದು.

ನನಗೆ ಹೆಚ್ಚು ಚಿಂತೆ ಆಗುವುದು ಸಂಘಗಳ ಆಯುಸ್ಸಿನದ್ದು. ತೆರಿಗೆ ಏರಿದ ವರ್ಷ ಹಾಲ್ ತುಂಬುತ್ತದೆ. ಮರುವರ್ಷ ಹತ್ತು ಜನ. ಅದರ ಮುಂದಿನ ವರ್ಷ ಅಧ್ಯಕ್ಷರು, ಕಾರ್ಯದರ್ಶಿ, ಇನ್ನೊಬ್ಬರು. ಆ ಮೂವರಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಬಾಗಿಲು ಹಾಕಿದ ಹಾಗೆ. ಅವರು ಕೂಡಿಟ್ಟ ಕಾಗದಗಳು ಮನೆಯವರಿಗೆ ರದ್ದಿ. ಅಲ್ಲಿಗೆ ಊರಿನ ನೆನಪೇ ಹೋಗುತ್ತದೆ. ಮುಂದೆ ಯಾರೋ ಹುಮ್ಮಸ್ಸಿನಿಂದ ಶುರು ಮಾಡಿದರೂ ಹೋಲಿಸಲು ಹಳೆಯದೇನೂ ಇರುವುದಿಲ್ಲ, ಮತ್ತೆ ಮೊದಲಿನಿಂದ ಅರ್ಜಿ ಹಾಕಿ ಕಾಯಬೇಕು.

ಹಾಗಾಗಿ ಕೆಲಸವನ್ನು ಹಂಚಿಕೊಳ್ಳುವುದು ಒಳ್ಳೆಯದು. ಒಬ್ಬರು ನೀರಿನ ಲೆಕ್ಕ ಮಾತ್ರ ಓದಲಿ, ಒಬ್ಬರು ರಸ್ತೆ, ಒಬ್ಬರು ಸಂಬಳ ಮತ್ತು ಪಿಂಚಣಿ. ಎಲ್ಲವನ್ನೂ ಓದುತ್ತೇನೆ ಅಂತ ಹೊರಟವರು ಬೇಗ ಸೋಲುತ್ತಾರೆ. ಪ್ರತಿಯೊಬ್ಬರ ಜೊತೆ ಕಲಿಯಲು ಇನ್ನೊಬ್ಬ ಚಿಕ್ಕವರು ಇರಲಿ, ಸಾಧ್ಯವಾದರೆ ಬಾಡಿಗೆ ಮನೆಯವರು. ಬಜೆಟ್ ಪುಸ್ತಕ, ಆಡಿಟ್ ವರದಿ, ಸಭೆಯ ನಡಾವಳಿ, ಈ ಮೂರನ್ನು ವರ್ಷವಾರು ಜೋಡಿಸಿ ಊರಿನ ಗ್ರಂಥಾಲಯದಲ್ಲಿ ಒಂದು ಪ್ರತಿ, ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಬೇಕು. ಐದು ವರ್ಷದ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿ, ಶಾಲೆಯ ಚಾವಣಿಯ ಒಂದೇ ಒಂದು ಸಾಲನ್ನು ಐದರಲ್ಲೂ ಹುಡುಕಿ ನೋಡಿ. ಎಷ್ಟು ಸಲ ಮಂಜೂರಾಯಿತು, ಎಷ್ಟು ಸಲ ಮುಂದಕ್ಕೆ ಹೋಯಿತು, ಅಂದಾಜು ಎಷ್ಟರಿಂದ ಎಷ್ಟಕ್ಕೆ ಏರಿತು ಎನ್ನುವುದೆಲ್ಲ ಒಂದು ಗಂಟೆಯೊಳಗೆ ಸಿಗುತ್ತದೆ. ಮುಂದಿನ ಬಜೆಟ್ ಸಭೆಗೆ ಹೋಗುವಾಗ ಕೈಯಲ್ಲಿರಬೇಕಾದದ್ದು ಆ ಒಂದು ಹಾಳೆ.